ಗ್ರೀಕ್ ದೇಗುಲ ಯಾವ ಸೂರ್ಯೋದಯಕ್ಕೆ ಮುಖಮಾಡಿದೆ? ಅಳೆಯುವ ಬಗೆ

ಮೊದಲು ಅಡಿಪಾಯದ ಮೆಟ್ಟಿಲುಗಲ್ಲಿನ ಉದ್ದನೆಯ ಅಂಚು ಹಿಡಿಯಿರಿ. ಕಂಬಗಳನ್ನು ನಂಬಬೇಡಿ, ಅವು ಒಳಕ್ಕೆ ವಾಲಿರುತ್ತವೆ. ಎರಡೂ ಬದಿ ಅಳೆದು ಸರಾಸರಿ ತೆಗೆಯಿರಿ. 20 ಮೀಟರ್ ಅಂಚಿನಲ್ಲಿ 10 ಸೆಂ.ಮೀ. ತಪ್ಪಿದರೆ ದಿಕ್ಕು 0.3° ಕೆಡುತ್ತದೆ.

ದಿಕ್ಸೂಚಿ ಬಳಸಿದರೆ ಕಾಂತೀಯ ಉತ್ತರದ ತಿದ್ದುಪಡಿ ಸೇರಿಸಿ. ಗ್ರೀಸ್‌ನಲ್ಲಿ ಈಗ ಅದು ಪೂರ್ವಕ್ಕೆ ಸುಮಾರು 4–5°. ದುರಸ್ತಿಯ ಕಬ್ಬಿಣದ ಅಟ್ಟಣಿಗೆ ಪಕ್ಕದಲ್ಲಿದ್ದರೆ ಮುಳ್ಳು ಹೇಳಿದ್ದೇ ಸುಳ್ಳು. ಸೂರ್ಯನನ್ನು ನೋಡುವ ಫಿಲ್ಟರ್ ಹಾಕಿದ ಥಿಯೋಡೊಲೈಟ್ (ಕೋನ ಅಳೆಯುವ ದೂರದರ್ಶಕ) ಮೇಲು.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಎದುರಿನ ಬೆಟ್ಟ. ಅದರ ನೆತ್ತಿಯ ಎತ್ತರವನ್ನು ಡಿಗ್ರಿಯಲ್ಲಿ ಅಳೆಯಲೇಬೇಕು, ವಾತಾವರಣದ ವಕ್ರೀಭವನವನ್ನೂ, ಅಂದರೆ ಗಾಳಿಯಲ್ಲಿ ಬೆಳಕು ಬಾಗುವುದನ್ನೂ, ಕಳೆಯಬೇಕು (ಸಮತಟ್ಟು ದಿಗಂತದಲ್ಲಿ ಸುಮಾರು 0.57°). ನಂತರ ಲೆಕ್ಕ (ದಿಗಂಶವೆಂದರೆ ಉತ್ತರದಿಂದ ಪೂರ್ವದ ಕಡೆಗೆ ಅಳೆದ ದಿಕ್ಕಿನ ಕೋನ; ಕ್ರಾಂತಿಯೆಂದರೆ ಖಗೋಳದ ಸಮಭಾಜಕದಿಂದ ಸೂರ್ಯ ಇರುವ ಕೋನದೂರ, ಅದರಿಂದ ದಿನ ತಿಳಿಯುತ್ತದೆ):

ಸೈನ್(ಕ್ರಾಂತಿ) = ಸೈನ್(ಅಕ್ಷಾಂಶ) × ಸೈನ್(ಎತ್ತರ) + ಕೊಸೈನ್(ಅಕ್ಷಾಂಶ) × ಕೊಸೈನ್(ಎತ್ತರ) × ಕೊಸೈನ್(ದಿಗಂಶ)

ಅಥೆನ್ಸ್‌ನ ಅಥೇನಾ ದೇವಿಯ ಗುಡಿ ಪಾರ್ಥೆನಾನ್‌ನ ದಿಗಂಶ ಸುಮಾರು 77°, ಅಕ್ಷಾಂಶ 38°. ದಿಗಂತ ಸಮತಟ್ಟೆಂದುಕೊಂಡರೆ ಕ್ರಾಂತಿ 10.2°, ತಿದ್ದಿದ ಎತ್ತರ 3° ಎಂದುಕೊಂಡರೆ 12.1°. ಅಂದರೆ ಐದಾರು ದಿನಗಳ ವ್ಯತ್ಯಾಸ! ಅಲ್ಲಿ ಪೂರ್ವಕ್ಕೆ ಹಿಮೆಟ್ಟಸ್ ಬೆಟ್ಟವಿದೆ, ಹಾಗಾಗಿ ಸಮತಟ್ಟು ಲೆಕ್ಕ ನಡೆಯದು.

ಸಿಕ್ಕ ದಿನವನ್ನು ಹಬ್ಬಕ್ಕೆ ಗಂಟುಹಾಕುವ ಆತುರ ಬೇಡ. ಅಥೇನಾಳ ಹಬ್ಬ ಪ್ಯಾನಥೆನಾಯಿಯ, ಅಥೆನ್ಸ್ ಪಂಚಾಂಗದ ಹೆಕಟೊಂಬಯಾನ್ ಮಾಸದ 28ರಂದು ಬರುತ್ತಿತ್ತು. ಚಾಂದ್ರಮಾಸವಾದ್ದರಿಂದ, ನಮ್ಮ ಯುಗಾದಿಯಂತೆ, ಸೂರ್ಯನ ಲೆಕ್ಕದಲ್ಲಿ ವರ್ಷವರ್ಷಕ್ಕೂ ಸರಿಯುತ್ತದೆ. ನಕ್ಷತ್ರಕ್ಕೆ ಹೋಲಿಸುವುದಾದರೆ ಅಯನಚಲನೆ (ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರಗಳ ಸ್ಥಾನ ಸರಿಯುವುದು) ಲೆಕ್ಕಹಾಕಿ ದೇಗುಲ ಕಟ್ಟಿದ ಕಾಲದ ಸ್ಥಾನ ತೆಗೆದುಕೊಳ್ಳಿ. ಎಲ್ಲವೂ ಪೂರ್ವಕ್ಕೇ ಇರುವುದಿಲ್ಲ: ಗ್ರೀಸ್‌ನ ಬಾಸೆ ಎಂಬಲ್ಲಿನ ಅಪೊಲೊ ದೇಗುಲ ಉತ್ತರಾಭಿಮುಖಿ, ಬಾಗಿಲೊಂದು ಮಾತ್ರ ಪೂರ್ವ ಗೋಡೆಯಲ್ಲಿದೆ. ಅಂಥಲ್ಲಿ ಎರಡನ್ನೂ ಅಳೆಯಿರಿ.