ಜಿಟಾ ಮಾರುಕಟ್ಟೆಯಲ್ಲಿ ನಾನು ಲೆಕ್ಕ ಹಾಕುವ ಕ್ರಮ

ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಅಂತರ್ಜಾಲ ಆಟದಲ್ಲಿ ಹಡಗು ಸಿಡಿದರೆ ಮುಗಿಯಿತು, ಅದು ಮರಳಿ ಬರುವುದಿಲ್ಲ. ಹಡಗಿಗೆ ಜೋಡಿಸಿದ್ದ ಉಪಕರಣಗಳಲ್ಲಿ (ಮಾಡ್ಯೂಲ್), ಒಳಗಿದ್ದ ಸರಕಿನಲ್ಲಿ ಸರಾಸರಿ ಅರ್ಧ ಅದರ ಜೊತೆಗೇ ನಾಶ. ಉಳಿದರ್ಧ ಯಾರ ಕೈಗೆ ಸಿಕ್ಕಿತೋ ಅವರದು. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಶುರು ಮಾಡಿದ ಈ ಬ್ರಹ್ಮಾಂಡದ ವ್ಯಾಪಾರ ಇಂದಿಗೂ ಉಸಿರಾಡುತ್ತಿರುವುದು ಈ ನಾಶದಿಂದಲೇ. ಮಾರುಕಟ್ಟೆಯಲ್ಲಿರುವ ಹಡಗು, ಗುಂಡು, ಡ್ರೋನ್‌ಗಳಲ್ಲಿ ಬಹುಪಾಲು ಆಟಗಾರರೇ ಅದಿರು ಅಗೆದು, ಕರಗಿಸಿ, ಕಟ್ಟಿದ್ದು. ಹಾಗಾಗಿ ಒಂದು ಮಾಲನ್ನು ಮುಟ್ಟುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ದಿನಕ್ಕೆ ಎಷ್ಟು ಖರ್ಚಾಗುತ್ತದೆ?

ದೊಡ್ಡ ಮಂಡಿ ಜಿಟಾ. ಫೋರ್ಜ್ ಪ್ರಾಂತ್ಯದ ಜಿಟಾ ನಕ್ಷತ್ರವ್ಯೂಹದಲ್ಲಿ ನಾಲ್ಕನೇ ಗ್ರಹದ ನಾಲ್ಕನೇ ಚಂದ್ರನ ಬಳಿಯ ಕಾಲ್ಡಾರಿ ನೇವಿ ನಿಲ್ದಾಣವನ್ನು ಎಲ್ಲರೂ 'ಫೋರ್-ಫೋರ್' ಎನ್ನುತ್ತಾರೆ. ಆಮಾರ್, ಡೋಡಿಕ್ಸಿ, ರೆನ್ಸ್, ಹೆಕ್ ಅದರ ಕೆಳಗಿನ ಸಂತೆಗಳು. ನಿಲ್ದಾಣ ಬಿಟ್ಟು ಹೊರಗೆ ಹೋಗದೆ, ಬೈ ಆರ್ಡರ್ (ಈ ಬೆಲೆಗೆ ಕೊಳ್ಳುತ್ತೇನೆಂಬ ಸೂಚನೆ) ಹಾಕಿ ಕೊಂಡು ಸೆಲ್ ಆರ್ಡರ್ (ಈ ಬೆಲೆಗೆ ಮಾರುತ್ತೇನೆಂಬ ಸೂಚನೆ) ಹಾಕಿ ಮಾರುವುದೇ ಸ್ಟೇಷನ್ ಟ್ರೇಡಿಂಗ್.

ಹೊಸಬರು ಎಡವುವುದು ಬೆಲೆಯ ಅಂತರ ನೋಡಿ. 1,00,000 ಐಎಸ್‌ಕೆಗೆ (ಆಟದ ಹಣ) ಕೊಂಡು 1,10,000ಕ್ಕೆ ಮಾರಿದರೆ ಹತ್ತು ಸಾವಿರ ಲಾಭ ಎನಿಸುತ್ತದೆ. ಬ್ರೋಕರ್ ಶುಲ್ಕ ಎರಡು ಕಡೆಯೂ ಇದೆ: ಬೈ ಆರ್ಡರ್ ಹಾಕುವಾಗ ಒಮ್ಮೆ, ಸೆಲ್ ಆರ್ಡರ್ ಹಾಕುವಾಗ ಇನ್ನೊಮ್ಮೆ. ಮಾರಾಟವಾದ ಮೇಲೆ ಸೇಲ್ಸ್ ಟ್ಯಾಕ್ಸ್ ಬೇರೆ. ಬ್ರೋಕರ್ ಶುಲ್ಕ ಮೂಲದಲ್ಲಿ ಶೇ 3. ಬ್ರೋಕರ್ ರಿಲೇಷನ್ಸ್ ಕೌಶಲ ಒಂದೊಂದು ಹಂತ ಏರಿದಾಗಲೂ 0.3 ಇಳಿದು ಐದನೇ ಹಂತದಲ್ಲಿ 1.5ಕ್ಕೆ ಬರುತ್ತದೆ. ನಿಲ್ದಾಣದ ಒಡೆಯ ಸಂಸ್ಥೆಯ ಬಳಿ ಒಳ್ಳೆಯ ಹೆಸರಿದ್ದರೆ ಇನ್ನೂ ಸ್ವಲ್ಪ ಕಡಿಮೆ. ಅಕೌಂಟಿಂಗ್ ಕೌಶಲ ಪ್ರತಿ ಹಂತಕ್ಕೂ ತೆರಿಗೆಯ ಶೇ 11ರಷ್ಟನ್ನು ಇಳಿಸುತ್ತದೆ. ತೆರಿಗೆಯ ಮೂಲದರವನ್ನು ಕಂಪನಿ ಹಲವು ಸಲ ಬದಲಿಸಿದೆ, ಆದ್ದರಿಂದ ನಿಮ್ಮ ಆರ್ಡರ್ ಕಿಟಕಿಯಲ್ಲಿ ಕಾಣುವ ಸಂಖ್ಯೆಯನ್ನೇ ಹಿಡಿಯಿರಿ. ಇಲ್ಲಿ 7.5 ಎಂದಿಟ್ಟುಕೊಳ್ಳೋಣ; ಅಕೌಂಟಿಂಗ್ ಐದರಲ್ಲಿ ಅದು ಸುಮಾರು 3.4.

ಕೌಶಲ ಪೂರ್ತಿ ಕಲಿತವರಿಗೆ ಕೊಳ್ಳುವಾಗ 1,500, ಮಾರುವಾಗ 1,650, ತೆರಿಗೆ 3,740: ಒಟ್ಟು 6,890 ಹೋಗಿ ಕೈಗೆ ಉಳಿಯುವುದು 3,110. ಏನೂ ಕಲಿಯದವರಿಗೆ ಇದೇ ವ್ಯಾಪಾರದಲ್ಲಿ 3,000, 3,300, 8,250 ಸೇರಿ 14,550 ಖರ್ಚು. ಅಂದರೆ 4,550 ನಷ್ಟ. ಆದ್ದರಿಂದ ಬಂಡವಾಳ ಹೂಡುವ ಮೊದಲು ಈ ಎರಡು ಕೌಶಲಗಳನ್ನು ಕನಿಷ್ಠ ನಾಲ್ಕನೇ ಹಂತಕ್ಕಾದರೂ ತನ್ನಿ. ಆರ್ಡರ್‌ಗಳ ಸಂಖ್ಯೆ ಹೆಚ್ಚಿಸುವ ಟ್ರೇಡ್, ರಿಟೇಲ್, ಹೋಲ್‌ಸೇಲ್, ಟೈಕೂನ್ ಆಮೇಲೆ. ಐದರಿಂದ ಶುರುವಾಗುವ ಆರ್ಡರ್ ಮಿತಿ ನಾಲ್ಕೂ ಪೂರ್ತಿಯಾದಾಗ 305ಕ್ಕೆ ಮುಟ್ಟುತ್ತದೆ.

ಮೂರನೇ ಖರ್ಚೊಂದಿದೆ, ಅದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2020ರ ಬದಲಾವಣೆಗಳ ನಂತರ ಆರ್ಡರಿನ ಬೆಲೆ ತಿದ್ದಿದಾಗಲೆಲ್ಲ ಶುಲ್ಕ ಬೀಳುತ್ತದೆ. ಏನೂ ಕಲಿಯದಿದ್ದರೆ ಬ್ರೋಕರ್ ದರದ ಅರ್ಧ. ಅಡ್ವಾನ್ಸ್ಡ್ ಬ್ರೋಕರ್ ರಿಲೇಷನ್ಸ್ ಐದರಲ್ಲಿ ಐದನೇ ಒಂದು ಭಾಗ. 1.5ರ ಐದನೇ ಒಂದು ಅಂದರೆ ಆರ್ಡರಿನ ಮೌಲ್ಯದ ಶೇ 0.3. ಹತ್ತು ಸಲ ತಿದ್ದಿದರೆ ಶೇ 3 ಹೋಯಿತು. ಮೇಲಿನ ಉದಾಹರಣೆಯ ಲಾಭ ಅಲ್ಲಿಗೆ ಪೂರಾ ಕರಗಿತು. ಬೆಲೆಯಲ್ಲಿ ನಾಲ್ಕು ಅಂಕಿಗಳಷ್ಟೇ ಲೆಕ್ಕಕ್ಕೆ ಬರುವ ನಿಯಮವೂ ಆಗಲೇ ಬಂತು. 12,34,000ರ ಬೈ ಆರ್ಡರನ್ನು ಹಿಂದಿಕ್ಕಬೇಕಾದರೆ 12,35,000 ಕೊಡಲೇಬೇಕು, ಪೈಸೆ ಲೆಕ್ಕದಲ್ಲಿ ಮೇಲೆ ಹತ್ತುವ ಹಳೆಯ ಆಟ ಈಗಿಲ್ಲ. ನಾನು ಬೆಲೆ ತಿದ್ದುವುದು ದಿನಕ್ಕೆ ಒಂದೆರಡು ಸಲ ಮಾತ್ರ, ಶುಲ್ಕವೆಲ್ಲ ಕಳೆದ ಮೇಲೂ ಶೇ 5ಕ್ಕಿಂತ ಹೆಚ್ಚು ಉಳಿಯುವ ಮಾಲಿನಲ್ಲಿ ಮಾತ್ರ.

ಮಾಲಿನ ಆಯ್ಕೆಗೆ ಮಾರುಕಟ್ಟೆ ಕಿಟಕಿಯ ಬೆಲೆ ಇತಿಹಾಸವೇ ಸಾಕು. ಅದರಲ್ಲಿ ದಿನದ ಗರಿಷ್ಠ, ಕನಿಷ್ಠ, ಸರಾಸರಿ ಮತ್ತು ಮಾರಾಟವಾದ ಪ್ರಮಾಣ ಇರುತ್ತವೆ. ಸರಾಸರಿಯ ಗೆರೆ ಗರಿಷ್ಠಕ್ಕೆ ಅಂಟಿಕೊಂಡಿದ್ದರೆ ಜನ ಸೆಲ್ ಆರ್ಡರುಗಳಿಂದ ಕೊಳ್ಳುತ್ತಿದ್ದಾರೆ, ನಿಮ್ಮ ಬೈ ಆರ್ಡರ್ ಸುಮ್ಮನೆ ಕೂತಿರುತ್ತದೆ. ಕನಿಷ್ಠಕ್ಕೆ ಅಂಟಿದ್ದರೆ ಎಲ್ಲರೂ ಬೈ ಆರ್ಡರುಗಳಿಗೆ ಸುರಿಯುತ್ತಿದ್ದಾರೆ. ಕೊಳ್ಳುವುದು ಸುಲಭ, ಮಾರುವುದು ಕಷ್ಟ. ಸರಾಸರಿ ನಡುವೆ ತೂಗಾಡುತ್ತಿದ್ದರೆ ಎರಡೂ ಕಡೆ ಓಟವಿದೆ, ಅಂಥದ್ದನ್ನು ಹಿಡಿಯಿರಿ. ಟೆಕ್ 2 (ಸುಧಾರಿತ ದರ್ಜೆಯ) ಡ್ರೋನ್‌ಗಳು, ಟೆಕ್ 2 ಮಾಡ್ಯೂಲ್‌ಗಳು, ಗುಂಡುಗಳು ಯುದ್ಧದಲ್ಲಿ ಕರಗುವುದರಿಂದ ಬೇಡಿಕೆ ನಿಲ್ಲುವುದಿಲ್ಲ. ಅಪರೂಪದ ಮಾಡ್ಯೂಲ್‌ಗಳಲ್ಲಿ ಅಂತರ ಶೇ 40 ಕಂಡರೂ ವಾರಕ್ಕೊಂದು ಹೋದರೆ ಬಂಡವಾಳ ಅಲ್ಲೇ ಹೂತುಹೋಗುತ್ತದೆ. ಒಂದು ಮಾಲಿನಲ್ಲಿ ದಿನದ ಓಟದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ದಾಸ್ತಾನು ನಾನು ಇಡುವುದಿಲ್ಲ. ಬೈ ಆರ್ಡರಿನ ಪೂರ್ತಿ ಹಣ ಆರ್ಡರ್ ಮುಗಿಯುವವರೆಗೆ ಎಸ್ಕ್ರೋದಲ್ಲಿ (ತಡೆಹಿಡಿದ ಖಾತೆ) ಕೂರುತ್ತದೆ ಎಂಬುದೂ ನೆನಪಿರಲಿ.

ಭಾರತದಿಂದ ಆಡುವವರಿಗೆ ಸಮಯದ ತೊಡಕಿದೆ. ಆಟದ ಗಡಿಯಾರ ಯುಟಿಸಿ. ಪ್ರತಿದಿನದ ಡೌನ್‌ಟೈಮ್ 11:00ಕ್ಕೆ, ಅಂದರೆ ನಮಗೆ ಸಂಜೆ 4:30. ಯುರೋಪಿನವರು ಊಟ ಮುಗಿಸಿ ಆಟಕ್ಕೆ ಕೂರುವಾಗ ನಮಗೆ ನಡುರಾತ್ರಿ. ಬೆಂಗಳೂರಿನಲ್ಲಿ ಕೂತವರು ಮಲಗುವ ಮೊದಲು ಬೆಲೆ ಸರಿಪಡಿಸಿದರೆ ಆ ಗಿರಾಕಿ ಸಿಗುತ್ತದೆ, ಬೆಳಿಗ್ಗೆ ಎದ್ದು ತಿದ್ದಿದರೆ ಆ ಶುಲ್ಕ ದಂಡ.

ಇನ್ನು ಸಾಗಾಟ. ಹೈಸೆಕ್‌ನಲ್ಲಿ (ಹೆಚ್ಚು ಭದ್ರತೆಯ, 0.5ರಿಂದ 1.0 ಅಂಕದ ವಲಯ) ಆಟದ ಕಾಂಕರ್ಡ್ ಪೊಲೀಸರು ಶಿಕ್ಷಿಸುತ್ತಾರೆ, ಕಾಪಾಡುವುದಿಲ್ಲ. ಕೊಳ್ಳೆಗಾರರು ನಿಮ್ಮ ಸರಕನ್ನು ಸ್ಕ್ಯಾನ್ ಮಾಡಿ, ಅರ್ಧ ಉಳಿಯುತ್ತದೆಂದು ಹಿಡಿದು, ತಾವು ಕಳೆದುಕೊಳ್ಳುವ ಅಗ್ಗದ ಹಡಗುಗಳ ಬೆಲೆಗಿಂತ ಅದು ಹೆಚ್ಚಿದ್ದರೆ ಹೊಡೆಯುತ್ತಾರೆ. ಭದ್ರತೆ 0.5 ಇರುವ ಕಡೆ ಕಾಂಕರ್ಡ್ ನಿಧಾನ, ಉಎಡಾಮಾ ಅದಕ್ಕೇ ಕುಖ್ಯಾತ. ಆಟೋಪೈಲಟ್ ಹಾಕಿದರೆ ಹಡಗು ಮುಂದಿನ ವ್ಯೂಹಕ್ಕೆ ಜಿಗಿಸುವ ಗೇಟಿನಿಂದ ಹಲವು ಕಿಲೋಮೀಟರ್ ದೂರದಲ್ಲಿ ಇಳಿದು ತೆವಳುತ್ತದೆ, ಸರಕಿದ್ದಾಗ ಅದನ್ನು ಬಳಸಲೇಬೇಡಿ. ಫ್ರೈಟರಿನಲ್ಲಿ (ದೊಡ್ಡ ಸರಕು ಹಡಗು) 100 ಕೋಟಿ, ಅಂದರೆ ಅವರ ಒಂದು ಬಿಲಿಯನ್, ನನ್ನ ಮಿತಿ. 2020ರಲ್ಲಿ ಆಟದ ಕಥೆಯ ದಾಳಿಕೋರರಾದ ಟ್ರಿಗ್ಲೇವಿಯನ್ನರು ದಾರಿಯ ನಡುವಿನ ನಿಯಾರ್ಜಾ ವ್ಯೂಹವನ್ನು ಕಿತ್ತುಕೊಂಡಾಗ ಜಿಟಾ–ಆಮಾರ್ ಹೈಸೆಕ್ ದಾರಿ 9 ಜಿಗಿತದಿಂದ 40ರ ಮೇಲೆ ಹೋಯಿತು. ಒಂದೇ ದಾರಿಯನ್ನು ನಂಬಿದ ವ್ಯಾಪಾರ ಒಂದು ಘಟನೆಗೆ ಹೀಗೆ ಮಗುಚಬಲ್ಲದು.

ದೂರದ ಸರಕನ್ನು ಕೊರಿಯರ್ ಕಾಂಟ್ರಾಕ್ಟ್ ಮೂಲಕ ಇನ್ನೊಬ್ಬ ಆಟಗಾರನಿಗೆ ಕೊಡುವುದೇ ವಾಸಿ. ಕೊಲಾಟರಲ್ (ಸಾಗಿಸುವವನು ಇಡುವ ಠೇವಣಿ) ಮಾತ್ರ ಸರಕಿನ ಪೂರ್ತಿ ಬೆಲೆಯಷ್ಟಿರಲಿ. ಕಡಿಮೆ ಇಟ್ಟರೆ ಸಾಗಿಸುವವನಿಗೆ ಸರಕನ್ನೇ ಇಟ್ಟುಕೊಳ್ಳುವುದು ಲಾಭ. ನೀವೇ ಸಾಗಿಸುವವರಾದರೆ ಗಮ್ಯ ಆಟಗಾರರ ಖಾಸಗಿ ಕಟ್ಟಡವೇ ಎಂದು ಮೊದಲು ನೋಡಿ. ಒಳಗೆ ಬಿಡದಿದ್ದರೆ ಸರಕು ತಲುಪಿಸಲಾಗದೆ ಕೊಲಾಟರಲ್ ಹೋಗುತ್ತದೆ, ಆ ಬಲೆಗಾಗಿಯೇ ಹಾಕಿದ ಕಾಂಟ್ರಾಕ್ಟ್‌ಗಳು ಇವೆ.

ಗಣಿಗಾರ ಹಣ ಹುಟ್ಟಿಸುವುದಿಲ್ಲ, ಮಾಲು ಹುಟ್ಟಿಸುತ್ತಾನೆ. ಹೊಸ ಐಎಸ್‌ಕೆ ಬರುವುದು ಮುಖ್ಯವಾಗಿ ಕಂಪ್ಯೂಟರ್ ಶತ್ರುಗಳನ್ನು ಕೊಂದ ಬಹುಮಾನದಿಂದ. ಹೋಗುವುದು ತೆರಿಗೆ, ಶುಲ್ಕ, ಕೌಶಲ ಪುಸ್ತಕಗಳಿಗೆ. ಸಿಸಿಪಿ ಪ್ರಕಟಿಸುವ ಮಾಸಿಕ ಆರ್ಥಿಕ ವರದಿಯಲ್ಲಿ ಈ ಎರಡೂ ಸಾಲುಗಳಿವೆ, ನಾನು ಮೊದಲು ತೆರೆಯುವುದು ಆ ಪುಟವನ್ನೇ. ಪಕ್ಕದಲ್ಲಿ ಪ್ಲೆಕ್ಸ್ (ಕಂಪನಿಯಿಂದ ನಿಜವಾದ ಹಣಕ್ಕೆ ಕೊಂಡು ಆಟದಲ್ಲಿ ಮಾರಬಹುದಾದ ವಸ್ತು) ಬೆಲೆಯನ್ನೂ ಇಟ್ಟುಕೊಳ್ಳುತ್ತೇನೆ: 500 ಪ್ಲೆಕ್ಸ್‌ಗೆ 30 ದಿನದ ಒಮೆಗಾ, ಅಂದರೆ ಪೂರ್ಣ ಸದಸ್ಯತ್ವದ ಚಂದಾ; ಪ್ಲೆಕ್ಸನ್ನು ಯಾರೂ ಕಾರ್ಖಾನೆಯಲ್ಲಿ ಕಟ್ಟಲಾರರು. ಕಂಪನಿ ರಿಯಾಯಿತಿ ಘೋಷಿಸಿದಾಗ ಪ್ಲೆಕ್ಸ್ ಮಾರುಕಟ್ಟೆಗೆ ಹೆಚ್ಚು ಬರುತ್ತದೆ, ಆ ದಿನಗಳಲ್ಲಿ ನನ್ನ ಬೈ ಆರ್ಡರ್ ಬೆಲೆಯನ್ನು ಕೆಳಗೇ ಇಡುತ್ತೇನೆ.