ಮನೇಲಿ ಹಾಸಿಗೆ ಹಿಡ್ದೋರಿದ್ರೆ ಮಳೆಗಾಲಕ್ಕೆ ಮುಂಚೆ ಏನೇನು ರೆಡಿ ಮಾಡ್ಕೋಬೇಕು

ಕಳಸ, ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ರಾತ್ರಿ ಜೋರು ಮಳೆ ಹೊಡೆದ್ರೆ ಹೆಬ್ಬಾಳೆ ಸೇತುವೆ ಮೇಲೆ ಭದ್ರಾ ನೀರು ಹರಿಯುತ್ತೆ, ಕರೆಂಟ್ ಹೋಗುತ್ತೆ, ಫೋನಲ್ಲಿ ನೆಟ್‌ವರ್ಕ್ ಇರಲ್ಲ. ಗಟ್ಟಿ ಇರೋರು ಹೆಂಗೋ ದಾಟ್ಕೋತಾರೆ. ಆದ್ರೆ ಮನೇಲಿ ಕ್ಯಾನ್ಸರ್ ಕೊನೇ ಹಂತದಲ್ಲಿರೋರು, ಸ್ಟ್ರೋಕ್ ಆಗಿ ಮಲಗಿರೋರು ಇದ್ರೆ ಏನು ಮಾಡ್ಬೇಕು ಅಂತ ಯಾರೂ ಹೇಳ್ಕೊಡಲ್ಲ, ಅದಕ್ಕೇ ಬರೀತಿದೀನಿ.

2019ರ ಆಗಸ್ಟಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಚಾರ್ಮಾಡಿ ಘಾಟಿನೂ ಬಂದ್ ಆಗಿತ್ತಲ್ಲ, ಆವಾಗ ಮನೆ ಬಿಟ್ಟು ಬಂದೋರಿಗೆ ಅಂತ ತೆರೆದಿದ್ದ ಒಂದು ಕಾಳಜಿ ಕೇಂದ್ರದಲ್ಲಿ ನಾನು ಊಟ ಬಡಿಸೋಕೆ ಹೋಗಿದ್ದೆ. ಸ್ಕೂಲಿನ ಎರಡು ಬೆಂಚ್ ಜೋಡ್ಸಿ ಒಬ್ಬ ಅಜ್ಜನ್ನ ಮಲಗ್ಸಿದ್ರು. ಬಾಯಿ ಕ್ಯಾನ್ಸರ್. ನೋವಿನ ಮಾತ್ರೆ ಮನೇಲಿ ದೇವ್ರ ಗೂಡಲ್ಲೇ ಉಳ್ಕೊಂಡಿತ್ತು. ಅಜ್ಜ ಕೂಗ್ಲಿಲ್ಲ, ರಾತ್ರಿಯೆಲ್ಲಾ ಕಂಬಳಿ ಅಂಚನ್ನ ಹಿಂಡ್ತಾನೇ ಇದ್ರು, ಬೆಳಿಗ್ಗೆ ನೋಡಿದ್ರೆ ಆ ಅಂಚು ಹಗ್ಗದ ಥರ ಹೊಸೆದು ಹೋಗಿತ್ತು.

ಅದಕ್ಕೇ ಮೊದ್ಲು ಮಾತ್ರೆ. ಮಾರ್ಫಿನ್ ಅನ್ನೋ ಜೋರು ನೋವಿನ ಮಾತ್ರೆ ಕಂಡ್ಕಂಡ ಮೆಡಿಕಲ್ ಶಾಪಲ್ಲಿ ಸಿಗಲ್ಲ, 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ (ಮಾದಕ ವಸ್ತು ನಿಯಂತ್ರಣದ ಕಾನೂನು) ತಿದ್ದುಪಡಿ ಬಂದು ಲೈಸೆನ್ಸ್ ರಗಳೆ ಕಮ್ಮಿ ಆದ್ರೂ ಮಾನ್ಯತೆ ಇರೋ ಆಸ್ಪತ್ರೆಯಿಂದ್ಲೇ ತರ್ಬೇಕು, ಹಂಗಾಗಿ ಮೇ ತಿಂಗ್ಳಲ್ಲೇ ಡಾಕ್ಟ್ರ ಹತ್ರ ಹೋಗಿ "ಸಾರ್, ನಮ್ಮ ಕಡೆ ರಸ್ತೆ ಬಂದ್ ಆಗುತ್ತೆ, ಎರಡು ವಾರಕ್ಕಾಗೋಷ್ಟು ಹೆಚ್ಚಿಗೆ ಕೊಡಿ" ಅಂತ ಬಾಯ್ಬಿಟ್ಟು ಕೇಳಿ. ಮಾಮೂಲಿ ಮಾರ್ಫಿನ್ ಮಾತ್ರೆ ಕೆಲ್ಸ ಮಾಡೋದು ಸುಮಾರು 4 ಗಂಟೆ ಅಷ್ಟೇ. ದಿನಾ ತಗೊಳ್ಳೋರಿಗೆ ಒಂದೇ ಸಲ ನಿಂತ್ರೆ ನೋವಿನ ಜೊತೆ ಬೆವರು, ಭೇದಿ, ಚಡಪಡಿಕೆ ಎಲ್ಲಾ ಶುರುವಾಗುತ್ತೆ. ಮಲಬದ್ಧತೆ ಮಾತ್ರೆನೂ ಜೊತೆಗೇ ಇರ್ಲಿ. ಡೋಸ್ ನೀವೇ ಏರಿಸ್ಬೇಡಿ, ಕಿಡ್ನಿ ತೊಂದ್ರೆ ಇದ್ದೋರಿಗಂತೂ ಮಾರ್ಫಿನ್ ಮೈಯಲ್ಲೇ ಉಳ್ಕೊಳ್ಳುತ್ತೆ, ಎಬ್ಬಿಸಿದ್ರೂ ಏಳ್ದಷ್ಟು ಮಂಪರು, ಉಸಿರು ನಿಧಾನ ಆಗೋದು ಕಂಡ್ರೆ ತಕ್ಷಣ ಡಾಕ್ಟ್ರನ್ನ ಹಿಡೀರಿ.

ಮಾತ್ರೆ, ಚೀಟಿ ಎಲ್ಲಾನೂ ಒಂದು ಬಿಸ್ಕತ್ ಡಬ್ಬೀಲಿ ಹಾಕಿ ಪ್ಲಾಸ್ಟಿಕ್ ಕವರ್ ಸುತ್ತಿಡಿ. ಡಾಕ್ಟ್ರ ಚೀಟಿ ಒರಿಜಿನಲ್ ಇರ್ಲೇಬೇಕು, ಕೇಂದ್ರಕ್ಕೆ ಬರೋ ಡಾಕ್ಟ್ರಿಗೆ ನಿಮ್ಮ ಕಥೆ ಗೊತ್ತಿರಲ್ಲ. ಹಳೇ ಪಂಚೆ, ಹತ್ತಿ, ಗ್ಲೌಸ್, ಯೂರಿನ್ ಬ್ಯಾಗ್, ಡೈಪರ್, ಓಆರ್‌ಎಸ್, ಟಾರ್ಚ್ ಬೇರೆ ಚೀಲದಲ್ಲಿ. ಗಾಯ ವಾಸನೆ ಬರ್ತಿದ್ರೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರ್ಸೋದನ್ನ ನರ್ಸ್ ಹತ್ರ ಮೊದ್ಲೇ ಕಲ್ತಿರಿ, ಜನ ತುಂಬಿರೋ ಹಾಲಲ್ಲಿ ಆ ವಾಸನೆಯಿಂದ ಅವ್ರು ಪಡೋ ನಾಚ್ಕೆ ಇದೆಯಲ್ಲ, ಅದು ಎಷ್ಟೋ ಸಲ ನೋವಿಗಿಂತ ದೊಡ್ಡದು.

ಕರೆಂಟ್ ಹೋದ್ರೆ ಮಲಗಿ ಮಲಗಿ ಹುಣ್ಣಾಗದಂಗೆ ಹಾಕೋ, ಕರೆಂಟಲ್ಲಿ ಗಾಳಿ ತುಂಬೋ ಏರ್‌ಬೆಡ್ ನಂಬ್ಕೊಂಡು ಕೂರೋಕಾಗಲ್ಲ. ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ನೆಲಕ್ಕೆ ತಾಗ್ದಂಗೆ ಮಾಡಿ. ಉಸಿರು ಕಟ್ತಿದ್ರೆ ಕೂರ್ಸಿ ದಿಂಬಿನ ಮೇಲೆ ಮುಂದಕ್ಕೆ ಒರಗ್ಸಿ, ಅಡಿಕೆ ಹಾಳೆ ಬೀಸಣಿಗೇಲಿ ಮುಖಕ್ಕೆ ಗಾಳಿ ಹಾಕಿ, ಮುಖಕ್ಕೆ ತಣ್ಣನೆ ಗಾಳಿ ತಾಗಿದ್ರೆ ಏದುಸಿರು ನಿಜವಾಗ್ಲೂ ಕಮ್ಮಿ ಆಗುತ್ತೆ.

ಆಶಾ ಅಕ್ಕನಿಗೆ, ಪಂಚಾಯ್ತಿಗೆ ಜೂನಲ್ಲೇ ಹೇಳಿಡಿ: ನಮ್ಮನೇಲಿ ನಡೆಯೋಕಾಗ್ದೋರಿದಾರೆ, ಮೊದ್ಲ ಗಾಡೀಲಿ ಇವ್ರನ್ನ ಕಳ್ಸಿ ಅಂತ. ಜಿಲ್ಲಾಡಳಿತದ ಸಹಾಯವಾಣಿ 1077. ಗಾಡಿ ಬರ್ದೇ ಇದ್ರೆ ಎರಡು ಬಿದಿರು ಗಳಕ್ಕೆ ಕಂಬಳಿ ಕಟ್ಟಿ ಹೊತ್ಕೊಂಡು ಹೋಗ್ಬೇಕಾಗುತ್ತೆ, ಅದನ್ನ ಬಿಸ್ಲಿರೋವಾಗ್ಲೇ ಒಂದ್ಸಲ ಕಟ್ಟಿ ನೋಡಿ. ಕೇಂದ್ರದಲ್ಲಿ ಟಾಯ್ಲೆಟ್ ಹತ್ರದ ಮೂಲೆ ಕೇಳಿ, ಒಂದು ಸೀರೆ ಅಡ್ಡ ಕಟ್ಟಿ.

"ಹೆಂಗೂ ಉಳಿಯೋರಲ್ಲ, ಮೊದ್ಲು ಬೇರೆಯೋರನ್ನ ನೋಡೋಣ" ಅಂತ ಯಾರಾದ್ರೂ ಅಂದ್ರೆ ಸುಮ್ನಿರಬೇಡಿ. ವಿಪತ್ತಿನಲ್ಲಿ ಜೀವ ಉಳಿಸೋ ಕೆಲ್ಸದ ಜೊತೆಗೇ ನೋವು ಕಮ್ಮಿ ಮಾಡೋ ಕೆಲ್ಸನೂ ನಡೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಮಾರ್ಗಸೂಚಿ ತಂದಿದೆ, ಅದೇ ವರ್ಷದ ಸ್ಫಿಯರ್ ಕೈಪಿಡೀಲೂ (ವಿಪತ್ತಲ್ಲಿ ನೆರವು ಕೊಡೋ ಸಂಸ್ಥೆಗಳು ಪಾಲಿಸೋ ಪುಸ್ತಕ) ಉಪಶಾಮಕ ಆರೈಕೆ, ಅಂದ್ರೆ ನೋವು, ಸಂಕಟ ಕಮ್ಮಿ ಮಾಡೋ ಆರೈಕೆ ಸೇರಿದೆ.

ಇನ್ನೊಂದು. ಕೇಂದ್ರಕ್ಕೆ ಸಂಶೋಧನೆ ಅಂತ ಫಾರ್ಮ್ ಹಿಡ್ಕೊಂಡು ಜನ ಬರ್ತಾರೆ. ಇಂಥ ಸಂಶೋಧನೆ ಬೇಕೇ ಬೇಕು, ಇಲ್ದಿದ್ರೆ ನಮ್ಮೋರ ನೋವು ಯಾವ ಲೆಕ್ಕಕ್ಕೂ ಬರಲ್ಲ. ಆದ್ರೆ ವಿಪತ್ತಿನ ಸಮಯದ ಸಂಶೋಧನೆಗೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನಿಯಮಗಳಲ್ಲಿ ಒಂದು ಭಾಗನೇ ಇದೆ, ಸಂಶೋಧನೆ ಸರಿ ಇದೆಯಾ ಅಂತ ನೋಡೋ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳಿ, ಬೇಡ ಅಂದ್ರೆ ಔಷಧಿ, ಊಟ ಏನೂ ನಿಲ್ಲಲ್ಲ ಅನ್ನೋದು ಗೊತ್ತಿರ್ಲಿ, ನೋವಲ್ಲಿ ಒದ್ದಾಡ್ತಿದ್ರೆ ಮೊದ್ಲು ಮಾತ್ರೆ, ಆಮೇಲೆ ಪ್ರಶ್ನೆ.

ಮತ್ತೆ ನೀವೇ ಒಂದು ಪುಟ್ಟ ಪುಸ್ತಕ ಇಡಿ. ಎಷ್ಟು ಗಂಟೆಗೆ ಮಾತ್ರೆ ಕೊಟ್ರಿ, ನೋವು ಹತ್ತಕ್ಕೆ ಎಷ್ಟು ಅಂದ್ರು, ನಿದ್ದೆ ಬಂತಾ, ಇಷ್ಟೇ ಸಾಕು, ಹೊಸ ಡಾಕ್ಟ್ರು ಅದನ್ನ ನೋಡಿದ ತಕ್ಷಣ ಡೋಸ್ ಬರೀಬಹುದು. ಇಂಕ್ ಪೆನ್ನಲ್ಲಿ ಬರೆದ್ರೆ ಮಳೆ ನೀರಿಗೆ ಅಳಿಸೋಗಬಹುದು, ಪೆನ್ಸಿಲ್ಲಲ್ಲಿ ಬರ್ದು ಅದೇ ಬಿಸ್ಕತ್ ಡಬ್ಬಿಗೆ ಹಾಕಿ.