ಹೆಬ್ಬಾತುಗಳು ಹೊರಡುವ ಮುನ್ನ ಮಾಗಡಿ ಕೆರೆಗೆ ಹೋಗಿಬನ್ನಿ

ಮೊದಲೇ ಹೇಳಿಬಿಡುತ್ತೇನೆ, ಇದು ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲೆಗಳ ಪಟ್ಟಿಗೆ ಸೇರಿತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳೇ ಇಲ್ಲಿನ ಆಕರ್ಷಣೆ. ಜನ ಜಾಸ್ತಿ ಬರುವುದು ಡಿಸೆಂಬರ್‌ನಲ್ಲಿ. ನನ್ನ ಮಾತು ಕೇಳಿದರೆ ಫೆಬ್ರುವರಿಯಲ್ಲಿ ಹೋಗಿ. ಮಾರ್ಚ್ ಮುಗಿಯುವ ಹೊತ್ತಿಗೆ ಅವು ಬಡಗಣ ದಾರಿ ಹಿಡಿದಿರುತ್ತವೆ.

ಹಿಂದಿನ ಸಂಜೆಯೇ ಗದಗದಲ್ಲಿ ಉಳಿಯಿರಿ. ಬೆಳಕು ಹರಿಯುವ ಮುಂಚೆ ಕೆರೆ ದಂಡೆಯಲ್ಲಿರಬೇಕು. ಯಾಕಂದ್ರೆ ಹೆಬ್ಬಾತುಗಳು ರಾತ್ರಿ ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇದು ಬೆಳಿಗ್ಗೆ ನೀರಿಗೆ ಮರಳುತ್ತವೆ, ಆ ಇಳಿಯುವ ಹೊತ್ತನ್ನು ತಪ್ಪಿಸಿಕೊಂಡರೆ ಆಮೇಲೆ ಕಾಣುವುದು ಬರೀ ನಿದ್ದೆಗಣ್ಣಿನ ಗುಂಪು. ಮೊದಲು ದನಿ ಕೇಳುತ್ತದೆ, ಮೂಗಿನಲ್ಲಿ ಕೂಗಿದ ಹಾಗೆ. ಆಮೇಲೆ ಸಾಲು.

ಸೂರ್ಯ ಬೆನ್ನಿಗಿರುವಂತೆ ಮೂಡಣ ದಂಡೆಯಲ್ಲಿ ನಿಲ್ಲಿ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನು ಸಾಕು. ಒಂದೇ ಹಕ್ಕಿಯನ್ನು ಐದು ನಿಮಿಷ ನೋಡಿ: ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಮೇಲಿನದು ಕಣ್ಣಿಂದ ಕಣ್ಣಿಗೆ, ಕೆಳಗಿನದು ಗಿಡ್ಡ. ಕೊಕ್ಕು, ಕಾಲು ಹಳದಿ-ಕಿತ್ತಳೆ. ಕೊರಳಲ್ಲಿ ಬಣ್ಣದ ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ಅಂಕೆ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಸಿಕ್ಕಿವೆ!

ಇನ್ನು ದೂರ. ಇದು ಬಹಳ ಮುಖ್ಯ. ಮುಂದೆ ಹಿಮಾಲಯ ದಾಟಬೇಕಾದ ಹಕ್ಕಿಗಳಿವು, ಟ್ರಾನ್ಸ್‌ಮಿಟರ್ ಕಟ್ಟಿದ ಕೆಲವು 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಆ ಪಯಣಕ್ಕೆ ಬೇಕಾದ ಕೊಬ್ಬನ್ನು ಅವು ಈಗ ಮೈಗೂಡಿಸಿಕೊಳ್ಳುತ್ತಿರುತ್ತವೆ. ಫೋಟೊಕ್ಕಾಗಿ ಸುಮ್ನೆ ಎಬ್ಬಿಸಿದರೆ ಆ ಕೊಬ್ಬೇ ಕರಗುವುದು. ಕತ್ತು ಎತ್ತಿ ಎಲ್ಲವೂ ನಿಮ್ಮ ಕಡೆ ತಿರುಗಿದವೋ, ಅಲ್ಲೇ ನಿಲ್ಲಿ, ನಿಧಾನ ಹಿಂದೆ ಸರಿಯಿರಿ. ಡ್ರೋನ್ ಬೇಡವೇ ಬೇಡ.

ಹೊಲಕ್ಕೆ ಕಾಲಿಡುವ ಮುಂಚೆ ರೈತರನ್ನು ಕೇಳಿ. ಬೆಳೆ ಹೋಗುವುದು ಅವರದು, ಅಲ್ವಾ? “ಹಕ್ಕಿ ರಾತ್ರಿ ಯಾವ ಕಡೆ ಇಳಿದಾವ್ರಿ?” ಅಂತ ವಿಚಾರಿಸಿದರೆ ದಾರಿಯೂ ಗೊತ್ತಾಗುತ್ತದೆ.

ಬಿಸಿಲೇರಿದ ಮೇಲೆ ಕೆಸರಂಚು ನೋಡಿ. ಬಾಲ ಕುಣಿಸುತ್ತ ಓಡಾಡುವ ಪುಟ್ಟ ಹಕ್ಕಿಗಳಾದ ಹಳದಿ ಸಿಪಿಲೆಗಳಿಗೆ ಈಗ ಬಣ್ಣ ಏರುತ್ತಿರುತ್ತದೆ. ಕಂಡದ್ದನ್ನೆಲ್ಲ ಎಣಿಸಿ, ಹಕ್ಕಿ ನೋಡುಗರು ತಮ್ಮ ಪಟ್ಟಿ ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಹಾಕಿ. ಹತ್ತಿರದವರಾದರೆ ಮಾರ್ಚ್ ಕೊನೆಗೆ ಇನ್ನೊಮ್ಮೆ ಹೋಗಿ. ಹೆಬ್ಬಾತು ಒಂದೂ ಇಲ್ಲದಿದ್ದರೂ ಉಳಿದ ಹಕ್ಕಿಗಳ ಪಟ್ಟಿ ಪೂರ್ತಿ ಹಾಕಿ. ಅವು ಯಾವ ವಾರ ಹೊರಟವು ಎಂಬುದು ತಿಳಿಯುವುದು ಅದರಿಂದಲೇ.